ನರವೋ, ನಾಳವೋ?

ಪುಸ್ತಕದಲ್ಲಿ ಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಡಿಸೆಕ್ಷನ್ ಟೇಬಲ್ಲಿನ ಮೇಲೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಬಣ್ಣ, ಫಾರ್ಮಾಲಿನ್ ಕುಡಿದು ಬಂದ ಮಾಸಲು ಕಂದು. ಮೊದಲ ವರ್ಷದ ಎಂಬಿಬಿಎಸ್ ಹುಡುಗರು ಕಂಗಾಲಾಗುವುದು ಇಲ್ಲೇ. "ಸರ್, ಇದು ನರಾನಾ, ಆರ್ಟರೀನಾ?" ಎಂದು ಕೇಳಿದರೆ ನಾನು ಉತ್ತರ ಹೇಳುವುದಿಲ್ಲ. ಎರಡು ಬೆರಳ ನಡುವೆ ಹೊರಳಿಸಿ ನೋಡು ಅನ್ನುತ್ತೇನೆ. ಒಳಗೆ ಪೊಳ್ಳಿಲ್ಲದೆ ಗಟ್ಟಿಯಾಗಿ ಉರುಳಿದರೆ ನರ. ಒತ್ತಿದಾಗ ತಗ್ಗಿ, ಬಿಟ್ಟಾಗ ದುಂಡಗಾದರೆ ಧಮನಿ. ಚಪ್ಪಟೆಯಾಗಿ ಬಿದ್ದುಕೊಂಡೇ ಇದ್ದರೆ ಅಭಿಧಮನಿ. ಇಷ್ಟು ಬೆರಳಿಗೆ ಬಂದ ದಿನ ಅವರ ಮುಖ ಅರಳುತ್ತದಲ್ಲ, ಅದನ್ನು ನೋಡಲಿಕ್ಕೆಂದೇ ನಾನು ಈ ವಾಸನೆಯಲ್ಲಿ ಉಳಿದುಕೊಂಡೆನೇನೋ. ಕ್ಲಿನಿಕ್ ಇಟ್ಟ ಗೆಳೆಯರು ಮನೆ ಮೇಲೆ ಮನೆ ಕಟ್ಟಿಸಿದರು, ಇರಲಿ.

ನನಗೆ ಸ್ಕಾಲ್ಪೆಲ್ಲಿಗಿಂತ ಕತ್ತರಿ ಇಷ್ಟ. ಮುಚ್ಚಿದ ಕತ್ತರಿಯ ತುದಿಯನ್ನು ಎರಡು ಸ್ನಾಯುಗಳ ಸಂದಿಗೆ ತೂರಿಸಿ ಮೆಲ್ಲಗೆ ತೆರೆಯಬೇಕು. ಕತ್ತರಿಸುವುದಲ್ಲ, ಬಿಡಿಸುವುದು. ಮುಂಗೈಯನ್ನು ಹೀಗೆ ಬಿಡಿಸುತ್ತ ಹೋದರೆ ಪಾಲ್ಮಾರಿಸ್ ಲಾಂಗಸ್ ಎಂಬ ತೆಳ್ಳನೆಯ ಸ್ನಾಯು ಸಿಗಬೇಕು. ಒಮ್ಮೊಮ್ಮೆ ಸಿಗುವುದೇ ಇಲ್ಲ. ಕಡಿದು ಎಸೆದುಬಿಟ್ಟೆವೇನೋ ಎಂದು ಆ ಟೇಬಲ್ಲಿನವರಿಗೆ ಪೀಕಲಾಟ. ಹುಟ್ಟಿನಿಂದಲೇ ಅದಿಲ್ಲದವರು ಬೇಕಾದಷ್ಟು ಜನ ಇದ್ದಾರೆ, ಹಿಡಿತಕ್ಕೇನೂ ಕುಂದಿಲ್ಲ. ನಿಮ್ಮದನ್ನು ಈಗಲೇ ನೋಡಿಕೊಳ್ಳಬಹುದು: ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ, ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿ. ನಟ್ಟನಡುವೆ ಚರ್ಮದಡಿ ಒಂದು ದಾರ ಎದ್ದು ನಿಂತರೆ ಇದೆ. ಒಂದು ಕೈಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದೆಯೂ ಇರಬಹುದು. ಗ್ರೇ ಸಾಹೇಬರ ಅನಾಟಮಿ ಗ್ರಂಥ 1858ರಲ್ಲಿ ಮೊದಲು ಅಚ್ಚಾಯಿತು. ಅದರ ಚಿತ್ರಗಳಿಗೆ ಪೂರ್ತಿ ಒಪ್ಪುವ ಒಂದು ದೇಹವನ್ನೂ ನಾನಿನ್ನೂ ಕಂಡಿಲ್ಲ.

ಹೃದಯದ ಪಾಠದ ದಿನ ಹರಟೆ ತಾನಾಗಿ ನಿಲ್ಲುತ್ತದೆ. ಬಲ ಹೃತ್ಕರ್ಣವನ್ನು ತೆರೆದು ಒಳಗೋಡೆಯನ್ನು ಸವರಿದರೆ, ಕಡುಬಿನ ಹಿಟ್ಟಿಗೆ ಹೆಬ್ಬೆರಳು ಒತ್ತಿದಂಥ ಒಂದು ಗುಳಿ. ತಾಯಿಯ ಹೊಟ್ಟೆಯಲ್ಲಿದ್ದಾಗ ಅಲ್ಲೊಂದು ಕಿಂಡಿಯಿತ್ತು. ಶ್ವಾಸಕೋಶಕ್ಕಿನ್ನೂ ಕೆಲಸವಿಲ್ಲದ ಕಾಲ. ರಕ್ತ ಶ್ವಾಸಕೋಶವನ್ನು ಬಿಟ್ಟು ಈ ಕಿಂಡಿಯಿಂದಲೇ ಎಡಕ್ಕೆ ದಾಟುತ್ತಿತ್ತು. ಮಗು ಉಸಿರೆಳೆದುಕೊಂಡಿತು, ಎಡಗಡೆಯ ಒತ್ತಡ ಏರಿತು, ಕದ ಮುಚ್ಚಿತು. ಕಿಟಕಿಗೆ ಹಿಡಿದರೆ ಅಷ್ಟು ಜಾಗದಲ್ಲಿ ಬೆಳಕು ತೂರಿ ಕಾಣುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ಕದ ಪೂರ್ತಿ ಬೆಸೆದುಕೊಂಡಿರುವುದಿಲ್ಲ; ಸಲಾಕೆ ಆಚೆಗೆ ನುಸುಳುತ್ತದೆ.

ಟೇಬಲ್ಲಿನ ಮೇಲಿರುವವರು ಯಾರೆಂದು ನಾವು ಹುಡುಗರಿಗೆ ಹೇಳುವುದಿಲ್ಲ. ಬೆಳಗಾವಿಯ ಆಯುರ್ವೇದ ಪ್ರಾಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ ಅವರು 2010ರಲ್ಲಿ, ದೇಹದಾನ ಮಾಡಿದ್ದ ತಮ್ಮ ತಂದೆಯವರ ದೇಹವನ್ನೇ ಅವರ ಇಚ್ಛೆಯಂತೆ ಛೇದಿಸಿ ಪಾಠ ಹೇಳಿದರು. ನನ್ನ ಕೈಗೆ ಅಷ್ಟು ಸ್ಥೈರ್ಯವಿಲ್ಲ.

ಬಿಡುವು ಸಿಕ್ಕಾಗ ಕೆಳಗಿನ ಫಿಸಿಯಾಲಜಿ ಲ್ಯಾಬಿಗೆ ಇಳಿದುಬಿಡುತ್ತೇನೆ. ಅಲ್ಲಿ ದೇಹ ಪಕ್ಕದ ಬೆಂಚಿನ ಗೆಳೆಯನದು, ಬಿಸಿಯಾಗಿರುತ್ತದೆ, ಕಚಗುಳಿಗೆ ನಗುತ್ತದೆ. ಮೊಣಕೈ ಮಡಿಕೆಯಲ್ಲಿ ಸ್ಟೆತೋಸ್ಕೋಪ್ ಇಟ್ಟರೆ ಏನೂ ಕೇಳಿಸದು. ತೋಳಪಟ್ಟಿಗೆ ಗಾಳಿ ತುಂಬಿ ಧಮನಿಯನ್ನು ಮುಚ್ಚಿ, ಪಾದರಸವನ್ನು ನಿಧಾನವಾಗಿ ಇಳಿಸಿದರೆ ಒಂದು ಹಂತದಲ್ಲಿ 'ಟಕ್'. ಇಕ್ಕಟ್ಟಿನಲ್ಲಿ ರಕ್ತ ನುಗ್ಗುವ ಸದ್ದು ಅದು. ಅದು ಮೊದಲು ಕೇಳಿಸಿದ ಕಡೆ ರಕ್ತದೊತ್ತಡದ ಮೇಲಿನ ಅಂಕಿ, ಸದ್ದು ಅಡಗಿದ ಕಡೆ ಕೆಳಗಿನ ಅಂಕಿ. ರಷ್ಯಾದ ಶಸ್ತ್ರವೈದ್ಯ ಕೊರೊಟ್ಕೊವ್ ಇದನ್ನು 1905ರಲ್ಲಿ ಹೇಳಿಕೊಟ್ಟ.

ಸೋಮಾರಿಗಳು ಕಿವಿಗೆ ಏನನ್ನೂ ಹಾಕಿಕೊಳ್ಳದೆ ರೆಕಾರ್ಡಿನಲ್ಲಿ 120/80 ಎಂದು ಗೀಚುತ್ತಾರೆ. ಜಾಣನೊಬ್ಬ ನಿಜವೆನ್ನಿಸಲಿ ಎಂದು 117/79 ಬರೆದು ತಂದ.

"ಎಲ್ಲಿ ನೋಡಿದೆಯಪ್ಪಾ ಇದನ್ನ?"

"ಮೀಟರಲ್ಲೇ ಸರ್."

ಕೊಳವೆಯ ಹತ್ತಿರ ಕರೆದೊಯ್ದೆ. ಗೆರೆಗಳಿರುವುದು ಎರಡೆರಡು ಮಿಲಿಮೀಟರಿಗೆ. ಬೆಸ ಸಂಖ್ಯೆಯೇ ಇಲ್ಲ. ಅವನು ತಲೆ ಕೆರೆದುಕೊಂಡು ಗೆಳೆಯನ ತೋಳು ಹುಡುಕಿಕೊಂಡು ಹೋದ.