ಬಗ್ಗಿದ್ದು ಪುಸ್ತಕವೋ, ಕ್ಯಾಮೆರಾವೋ?

ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕ ಬಿಡಿಸಿದರೆ ಇಡೀ ಮೇಜು ತುಂಬುತ್ತದೆ. ಎಡಪುಟದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಮನೆ. ಬಲಪುಟದಲ್ಲಿ ಹುಟ್ಟಿದ ತಾರೀಕು, ಸೇರಿದ ತರಗತಿ, ಶಾಲೆ ಬಿಟ್ಟ ದಿನ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಈ ಪುಸ್ತಕ ಅದಕ್ಕೂ ಹಿಂದಿನದು, ಮದರಾಸಿನ ಕಾಲದ್ದು. ಬೈಂಡು ಬಿಟ್ಟಿದೆ, ಅಂಚನ್ನು ಗೆದ್ದಲು ತಿಂದಿದೆ. ಈಗಲೂ ಯಾರಾದರೂ ಬಂದು "ಮಾಷ್ಟ್ರೇ, ನಮ್ಮ ಅಜ್ಜಿ ಇಲ್ಲೇ ಕಲಿತದ್ದಂತೆ, ಪ್ರಾಯ ಎಷ್ಟಂತ ನೋಡಿ ಹೇಳ್ತೀರಾ?" ಅಂತ ಕೇಳುತ್ತಾರೆ. ಪುಟ ತಿರುವಿದಾಗಲೆಲ್ಲ ಒಂದು ಚೂರು ಉದುರುತ್ತದೆ. ಸ್ಕ್ಯಾನರಿನ ಮೇಲೆ ಕವುಚಿ ಒತ್ತಿದರೆ ಕತೆ ಮುಗಿದ ಹಾಗೆಯೇ. ಹಾಗಾಗಿ ಫೋಟೋ ತೆಗೆದಿಡೋಣ ಅಂತ ಲಿಟಲ್ ಕೈಟ್ಸ್ ಮಕ್ಕಳೂ ನಾನೂ ಹೊರಟೆವು.

ಒಂದೊಂದೇ ಪುಟ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದೆವು. ನಡುವಿನ ಸಾಲುಗಳು ಸರಿಯಾಗಿ ಕೂಡಿದವು. ಮೇಲಿನ ಸಾಲುಗಳು ಮಾತ್ರ ಹೆಚ್ಚುಕಡಿಮೆ ಅರ್ಧ ಸಾಲಿನಷ್ಟು ಜಾರಿದ್ದವು. ಬಲಪುಟ ಚೌಕಟ್ಟಿನಲ್ಲಿ ಸ್ವಲ್ಪ ಮೇಲಕ್ಕೆ ಕೂತಿತ್ತು, ಅಲ್ಲಿ ಗೆರೆ ಹೆಚ್ಚು ಬಗ್ಗಿತ್ತು. ಕ್ರಮಸಂಖ್ಯೆ ಗೆದ್ದಲಿನ ಹೊಟ್ಟೆಗೆ ಹೋದ ಕಡೆ ಒಬ್ಬಳ ಹುಟ್ಟಿದ ತಾರೀಕು ಪಕ್ಕದವಳದ್ದಾಗಿ ಬಿಡಬಹುದು! ಆಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಬಗ್ಗಿದ್ದು ಪುಸ್ತಕವಾ, ಕ್ಯಾಮೆರಾವಾ?"

ಇದಕ್ಕೆ ಉತ್ತರ ಬೇಕಾದರೆ ಬಗ್ಗದ ವಸ್ತುವೊಂದರ ಫೋಟೋ ತೆಗೆಯಬೇಕು. ಗಾರೆ ಮೇಸ್ತ್ರಿಯ ತೂಗುಗುಂಡು ತರಿಸಿ ಜಗಲಿಯ ಪಕ್ಕಾಸಿಗೆ ಕಟ್ಟಿದೆವು. ದಾರ ನೆಟ್ಟಗೆ ನಿಂತಿತು. ಚೌಕಟ್ಟಿನ ನಡುವೆ ಇಟ್ಟು ತೆಗೆದರೆ ಫೋಟೋದಲ್ಲೂ ನೆಟ್ಟಗೆ. ಅಂಚಿಗೆ ತಂದು ತೆಗೆದರೆ ಪೀಪಾಯಿಯ ಹೊಟ್ಟೆಯ ಹಾಗೆ ಹೊರಕ್ಕೆ ಉಬ್ಬಿತ್ತು. ಇದೇನೂ ನಮ್ಮ ಹೊಸ ಉಪಾಯವಲ್ಲ. ಡುವಾನ್ ಬ್ರೌನ್ ಎಂಬವರು 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥ ತೂಗುದಾರಗಳ ಫೋಟೋದಿಂದಲೇ ಲೆನ್ಸಿನ ದೋಷ ಲೆಕ್ಕ ಹಾಕುವ ಕ್ರಮ ಇದೆ. ದಾರ ನೆಟ್ಟಗಿದೆ ಅಂತ ಗೊತ್ತು, ಆದ್ದರಿಂದ ಬಗ್ಗಿದ್ದಷ್ಟೂ ಗಾಜಿನದ್ದು.

ಹತ್ತನೆಯವರಿಗೆ ಇದರಲ್ಲಿ ಒಂದು ಗಣಿತದ ಪಾಠವೂ ಸಿಕ್ಕಿತು. ಈ ದೋಷದ ಮುಖ್ಯ ಭಾಗ ನಡುವಿನಿಂದ ಇರುವ ದೂರದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ದೂರ ಎರಡು ಪಟ್ಟಾದರೆ ಬಿಂದು ಜಾರುವುದು ಎಂಟು ಪಟ್ಟು. ನಡುವಿನ ಸಾಲು ಕೂಡಿ ಮೇಲಿನದು ತಪ್ಪಿದ್ದು ಇದರಿಂದಲೇ.

ದೋಷ ಇದೆ ಅಂತ ಗೊತ್ತಾದರೆ ಸಾಲದು, ಎಷ್ಟು ಅಂತ ಕಂಪ್ಯೂಟರಿಗೆ ಹೇಳಬೇಕಲ್ಲ. ಅದಕ್ಕೆ ಚದುರಂಗದ ಮಣೆಯಂಥ ಚಿತ್ರ ಬೇಕು. ಝೆಂಗ್ಯೂ ಝಾಂಗ್ 2000ದಲ್ಲಿ ಪ್ರಕಟಿಸಿದ ವಿಧಾನ ಇದು. ಚಪ್ಪಟೆ ಮಣೆಯೊಂದನ್ನು ಬೇರೆ ಬೇರೆ ಓರೆಯಲ್ಲಿ ಹಿಡಿದು ತೆಗೆದರೆ ಸಾಕು, ದುಬಾರಿ ಉಪಕರಣ ಬೇಡ. ಓಪನ್‌ಸಿವಿ ಎಂಬ ಉಚಿತ ತಂತ್ರಾಂಶದಲ್ಲಿ ಇದು ಸಿಗುತ್ತದೆ. 30 ಮಿಲಿಮೀಟರಿನ ಚೌಕಗಳು, ಅಡ್ಡಕ್ಕೆ 10, ಉದ್ದಕ್ಕೆ 7, ಎ3 ಕಾಗದದಲ್ಲಿ ಅಚ್ಚು ಹಾಕಿಸಿದೆವು. ಒಂದು ಬದಿ ಸಮ, ಇನ್ನೊಂದು ಬದಿ ಬೆಸ ಇದ್ದರೆ ಮಣೆ ತಲೆಕೆಳಗಾದರೂ ಕಂಪ್ಯೂಟರಿಗೆ ಗೊಂದಲವಿಲ್ಲ.

ಅಂಟಿಸುವುದೇ ಕಷ್ಟದ ಕೆಲಸ. ಗೋಂದು ಹಚ್ಚಿದರೆ ಕಾಗದ ನೆನೆದು ಉಬ್ಬುತ್ತದೆ, ಮಣೆಯೇ ಬಗ್ಗಿದರೆ ಪರೀಕ್ಷೆಗೆ ಅರ್ಥವಿಲ್ಲ. ಹಳೆಯ ಕಿಟಕಿಯ ದಪ್ಪ ಗಾಜಿನ ಮೇಲೆ ಕಾಗದ ಹಾಸಿ ಅಂಚಿಗಷ್ಟೇ ಟೇಪು ಹಾಕಿದೆವು. ಝೂಮ್ ಬದಲಾದರೆ ದೋಷವೂ ಬದಲಾಗುತ್ತದೆ. ನಮ್ಮ ಕ್ಯಾಮೆರಾದ 18-55 ಲೆನ್ಸನ್ನು 35ಕ್ಕೆ ತಿರುಗಿಸಿ ಆ ಬಳೆಗೂ ಟೇಪು! ಫೋಕಸ್ ಕೂಡ ಪುಸ್ತಕದ ದೂರಕ್ಕೇ ನಿಲ್ಲಿಸಿದೆವು. ಫ್ಲ್ಯಾಶ್ ಬೇಡ, ಜಗಲಿಯ ನೆರಳಿನ ಬೆಳಕೇ ಒಳ್ಳೆಯದು.

ಮಕ್ಕಳು ಮಣೆಯನ್ನು ನಡುವೆಯೇ ಹಿಡಿಯುತ್ತಾರೆ, ಫೋಟೋ ಅಂದರೆ ನಡುವೆ ನಿಲ್ಲಬೇಕು ಅಂತ ರೂಢಿ ನೋಡಿ. ಇಲ್ಲಿ ಮೂಲೆಗಳಿಗೇ ತರಬೇಕು, ಅಲ್ಲಿಯೇ ಅಲ್ಲವೇ ದೋಷ ಇರುವುದು! ನೆಟ್ಟಗೆ, ಎಡಕ್ಕೆ ಓರೆ, ಬಲಕ್ಕೆ ಓರೆ, ಮೇಲ್ಮೂಲೆ, ಕೆಳಮೂಲೆ ಅಂತ 24 ಫೋಟೋ ಆಯಿತು. ಅದರಲ್ಲಿ 4 ಬದಿಗಿಟ್ಟು, 20ರಿಂದ ಲೆಕ್ಕ ಮಾಡಿಸಿ, ಆ 4ರ ಮೇಲೆ ಪರೀಕ್ಷಿಸಿದೆವು. ಕಲಿತ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟರೆ ಎಲ್ಲರೂ ಪಾಸು ತಾನೇ?

ಅಂದ ಹಾಗೆ, ಗ್ರೂಪ್ ಫೋಟೋದ ತುದಿಯಲ್ಲಿ ನಿಂತವರು ದಪ್ಪಗೆ ಕಾಣುವುದೂ ಇದೇನಾ ಅಂತ ಒಬ್ಬ ಕೇಳಿದ. ಅಲ್ಲ. ಅಗಲದ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದರೆ ಗೆರೆಗಳು ನೆಟ್ಟಗಿದ್ದರೂ ತುದಿಯ ಮುಖ ಹಿಗ್ಗುತ್ತದೆ. ಅದಕ್ಕೆ ಈ ಮದ್ದು ತಾಗದು. ಹಿಂದೆ ಸರಿದು ತೆಗೆಯಬೇಕು.

ತಿದ್ದಿದ ಮೇಲೆ ಮೊದಲ ಪುಟ ಜೋಡಿಸಿದೆವು. ಮೇಲಿನ ಸಾಲುಗಳು ಕೂಡಿದವು. ಬೈಂಡಿನ ಹತ್ತಿರದ ಬಾಗು ಮಾತ್ರ ಉಳಿಯಿತು, ಅದು ಕಾಗದದ್ದೇ. ಮತ್ತೊಂದು ಪುಟದಲ್ಲಿ 22ನೆಯ ಹೆಸರಿನ ತಾರೀಕು ತಿದ್ದಿದ ಮೇಲೂ ಎರಡು ಗೆರೆಗಳ ನಡುವೆಯೇ ನಿಂತಿತ್ತು. ಅಂದಿನ ಮಾಷ್ಟ್ರು ಬರೆದದ್ದೇ ಹಾಗೆ. ನಾವು ಅದನ್ನು ಯಾವ ಸಾಲಿಗೂ ಸೇರಿಸಲಿಲ್ಲ. ಇದ್ದ ಹಾಗೆಯೇ ಬಿಟ್ಟು ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದಿಟ್ಟೆವು. ಮಣೆಯ 24 ಫೋಟೋಗಳೂ, ಟೇಪು ಹಾಕಿದ ಝೂಮಿನ ಅಂಕಿಯೂ ಅದೇ ಫೋಲ್ಡರಿನಲ್ಲಿವೆ.