ಹೇಳುವುದಿಲ್ಲ ಎನ್ನುತ್ತಲೇ ಹೇಳಿದ ಮಾತು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಅವನು ವಕೀಲ. "ಸಾರ್, ಒಂಬತ್ತನೆಯ ತರಗತಿಯಲ್ಲಿ ರೋಮಿನ ಇತಿಹಾಸ ಹೇಳುವಾಗ ಸಿಸೆರೊನ ಭಾಷಣವನ್ನು ಅಭಿನಯಿಸಿ ತೋರಿಸಿದ್ದಿರಿ. ಆ ಮಾತಿನ ವರಸೆ ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ಅದರ ಬಗ್ಗೆ ಬರೆಯಿರಿ" ಎಂದ. ಕೇಳಿ ಸಂತೋಷವಾಯಿತು. ಆದರೆ ಬರೆಯಲು ಕುಳಿತಾಗ ನೆನಪಿಗೆ ಬಂದವನು ಅದೇ ತರಗತಿಯ ಇನ್ನೊಬ್ಬ ಹುಡುಗ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿಸೆರೊನ ಕಥೆ.

ಕ್ರಿ.ಪೂ. 63ರ ನವೆಂಬರ್ ತಿಂಗಳು. ಆ ವರ್ಷ ರೋಮಿನ ಇಬ್ಬರು ಕಾನ್ಸಲ್‌ಗಳಲ್ಲಿ ಸಿಸೆರೊ ಒಬ್ಬ. ಚುನಾವಣೆಯಲ್ಲಿ ಸೋತು ಸಾಲದಲ್ಲಿ ಮುಳುಗಿದ್ದ ಕ್ಯಾಟಿಲೀನ್ ಎಂಬ ಕುಲೀನ ದಂಗೆಗೆ ಸಂಚು ಹೂಡಿದ್ದ. ಜ್ಯುಪಿಟರ್ ಸ್ಟೇಟರ್ ದೇವಾಲಯದಲ್ಲಿ ಸೆನೆಟ್ ಸಭೆ ಸೇರಿದಾಗ ಏನೂ ಅರಿಯದವನಂತೆ ಅವನೂ ಬಂದು ಕುಳಿತ. ಸಂಚುಗಾರರ ಪತ್ರಗಳು ಕೈಗೆ ಸಿಕ್ಕಿದ್ದು ಡಿಸೆಂಬರ್ ಮೊದಲಲ್ಲಿ. ಅಂದು ಸಿಸೆರೊನ ಬಳಿ ಅಂಥ ಬಲವಾದ ಸಾಕ್ಷ್ಯವಿರಲಿಲ್ಲ. ಇದ್ದದ್ದು ಮಾತು.

ಆ ಮಾತನ್ನು ಅವನು ಬಳಸಿದ ರೀತಿಯನ್ನು ಗಮನಿಸಿ. ಕ್ಯಾಟಿಲೀನನ ಹಿಂದಿನ ಹೆಂಡತಿಯ ಸಾವನ್ನು ಅವನು ಮೆಲ್ಲನೆ ಪ್ರಸ್ತಾಪಿಸಿದ. ಅದರ ಮೇಲೆ ನಂಬಲಾಗದ ಇನ್ನೊಂದು ಪಾತಕವೂ ಆ ಮನೆಯಲ್ಲಿ ನಡೆಯಿತೆಂದು ಸೂಚಿಸಿ, ಅದನ್ನು ತಾನು ಬಿಟ್ಟುಬಿಡುವುದಾಗಿ ಹೇಳಿದ. ಆಸ್ತಿಪಾಸ್ತಿಯೆಲ್ಲ ನಾಶವಾದದ್ದನ್ನೂ ಬಿಟ್ಟುಬಿಡುವೆನೆಂದು ಹೇಳಿ, ಮುಂದಿನ 13ನೆಯ ತಾರೀಖಿಗೆ, ಅಂದರೆ ಸಾಲದ ಗಡುವಿನ ದಿನಕ್ಕೆ, ಅದರ ಬಿಸಿ ತಾನಾಗಿ ತಟ್ಟುವುದೆಂದು ಸೇರಿಸಿದ. ಬಿಟ್ಟದ್ದೇನು? ಎಲ್ಲವನ್ನೂ ಹೇಳಿಯಾಗಿತ್ತು. ಮರುಮದುವೆಗಾಗಿ ಕ್ಯಾಟಿಲೀನ್ ತನ್ನ ಮಗನನ್ನೇ ಕೊಂದನೆಂಬ ಆಗಿನ ನಂಬಿಕೆಯನ್ನು ಬಿಡಿಸಿ ಬರೆದವನು ಸುಮಾರು ಎರಡು ದಶಕಗಳ ಅನಂತರದ ಇತಿಹಾಸಕಾರ ಸಲ್ಲುಸ್ಟ್. ಸಿಸೆರೊ ಮಗನ ಸುದ್ದಿಯನ್ನೇ ಎತ್ತಲಿಲ್ಲ. ಕ್ಯಾಟಿಲೀನ್ ಅಂದು ರಾತ್ರಿಯೇ ರೋಮ್ ಬಿಟ್ಟ, ಕ್ರಿ.ಪೂ. 62ರ ಆರಂಭದಲ್ಲಿ ಪಿಸ್ಟೋರಿಯಾದ ಬಳಿ ಯುದ್ಧದಲ್ಲಿ ಸತ್ತ.

ಈ ವರಸೆಗೆ ಲ್ಯಾಟಿನ್ನಿನಲ್ಲಿ ಪ್ರೆಟೆರಿಟಿಯೊ ಎಂದು ಹೆಸರು, ದಾಟಿಹೋಗುವುದು ಎಂದರ್ಥ. ನಮ್ಮ ಅಲಂಕಾರಶಾಸ್ತ್ರದ ಆಕ್ಷೇಪವು ಇದರ ದೂರದ ನೆಂಟನೆನ್ನಬಹುದು. ಸಿಸೆರೊನ ಯೌವನಕಾಲದಲ್ಲಿ ರಚಿತವಾದ, ಬಹುಕಾಲ ಅವನದೇ ಎಂದು ಭಾವಿಸಲಾಗಿದ್ದ 'ಹೆರೆನ್ನಿಯಸನಿಗೆ ವಾಗ್ಮಿತೆ' ಎಂಬ ಕೈಪಿಡಿಯು ಇದನ್ನು 'ಮರೆಮಾಡುವಿಕೆ' ಎಂದು ಕರೆದು, ಯಾವಾಗ ಬಳಸಬೇಕೆಂದು ಸಂಕೋಚವಿಲ್ಲದೆ ತಿಳಿಸುತ್ತದೆ. ನೇರವಾಗಿ ಹೇಳಿದರೆ ಎದುರಾಳಿ ಸುಲಭವಾಗಿ ಅಲ್ಲಗಳೆಯಬಹುದಾದ ಸಂಗತಿಯಿದ್ದರೆ, ಅದನ್ನು ವಾದಿಸುವುದಕ್ಕಿಂತ ಸಂಶಯವನ್ನು ಬಿತ್ತುವುದೇ ಲಾಭಕರವೆಂಬುದು ಅದರ ಉಪದೇಶದ ಸಾರ.

ಈ ಉಪದೇಶವನ್ನು ಇಂಗ್ಲಿಷ್ ಅನುವಾದದಲ್ಲಿ ನಾನು ಓದಿದ್ದು ನಿವೃತ್ತಿಯ ಅನಂತರ. ಓದಿದೊಡನೆ ಪುಸ್ತಕ ಮುಚ್ಚಿಟ್ಟೆ. ಏಕೆಂದರೆ ಅದನ್ನು ಓದುವ ಎಷ್ಟೋ ವರ್ಷ ಮೊದಲೇ ನಾನು ಅದರಂತೆ ನಡೆದಿದ್ದೆ.

ಆ ಹುಡುಗ ವಾರದಲ್ಲಿ ಮೂರನೆಯ ಸಲ ಮನೆಪಾಠ ಮಾಡದೆ ಬಂದಿದ್ದ. ನನಗೆ ಸಿಟ್ಟು ಬಂದಿತ್ತು. ಮಾತಿನ ಚಪಲವೂ ಇತ್ತು. ಇಡೀ ತರಗತಿಯ ಎದುರು, "ಇವನ ಮನೆಯ ವಿಷಯ ನಾನು ಎತ್ತುವುದಿಲ್ಲ. ಇವನ ತಂದೆ ರಾತ್ರಿಯ ಹೊತ್ತು ಎಲ್ಲಿರುತ್ತಾರೆ ಎಂಬುದನ್ನಂತೂ ಕೇಳುವುದೇ ಇಲ್ಲ" ಎಂದೆ. ಊರಿನಲ್ಲಿ ಕಿವಿಗೆ ಬಿದ್ದಿದ್ದ ಗಾಳಿಮಾತು ಅದು. ಮಕ್ಕಳು ನಕ್ಕರು. ಹುಡುಗ ತಲೆ ತಗ್ಗಿಸಿ ನಿಂತ. ಅವನು ಮೂರು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೆ ಕೊನೆಯ ಬೆಂಚಿನಲ್ಲಿ ಕುಳಿತ. ಆ ವರ್ಷವಿಡೀ ನನ್ನ ಯಾವ ಪ್ರಶ್ನೆಗೂ ಅವನ ಕೈ ಮೇಲೇಳಲಿಲ್ಲ. ಅವನ ತಂದೆ ಪಕ್ಕದ ಊರಿನ ಅಕ್ಕಿ ಗಿರಣಿಯಲ್ಲಿ ರಾತ್ರಿ ಕಾವಲಿಗಿದ್ದರೆಂದೂ, ಕಾಯಿಲೆಯ ತಾಯಿಯನ್ನು ಹುಡುಗನೇ ನೋಡಿಕೊಳ್ಳುತ್ತಿದ್ದನೆಂದೂ ನನಗೆ ತಿಳಿದದ್ದು ಮರುವರ್ಷ. ಅಷ್ಟರಲ್ಲಿ ಅವನು ಶಾಲೆ ಬಿಟ್ಟಿದ್ದ.

"ನಿನ್ನ ತಂದೆ ಕುಡಿಯುತ್ತಾರೆಯೇ?" ಎಂದು ನಾನು ನೇರವಾಗಿ ಕೇಳಿದ್ದರೆ, ಅದು ಒರಟು ಪ್ರಶ್ನೆಯೇ ಆದರೂ, ಅವನು "ಇಲ್ಲ ಸಾರ್" ಎನ್ನಬಹುದಿತ್ತು. ಆಡಿದ ಮಾತಿಗೆ ಉತ್ತರವುಂಟು. ಆಡುವುದಿಲ್ಲವೆಂದು ಆಡಿದ ಮಾತಿಗೆ ಹದಿನಾಲ್ಕು ವರ್ಷದ ಮಗು ಏನೆಂದು ಉತ್ತರಿಸಬೇಕು? ಸೆನೆಟಿನಲ್ಲಿ ಕಾನ್ಸಲನ ಎದುರಿಗಿದ್ದವನು ಪಳಗಿದ ರಾಜಕಾರಣಿ. ನನ್ನ ಎದುರಿಗಿದ್ದವನು ರಾತ್ರಿಯೆಲ್ಲ ನಿದ್ದೆಗೆಟ್ಟ ಹುಡುಗ.

ಸಿಸೆರೊನಿಗಿಂತ ಸುಮಾರು ಒಂದು ಶತಮಾನ ಈಚಿನವನು ಸೆನೆಕಾ. 'ಕೋಪದ ಕುರಿತು' ಎಂಬ ಮೂರು ಭಾಗಗಳ ಗ್ರಂಥವನ್ನು ಅವನು ತನ್ನ ಅಣ್ಣ ನೊವಾಟಸನಿಗೆ ಅರ್ಪಿಸಿದ್ದಾನೆ. ಮೂರನೆಯ ಭಾಗದಲ್ಲಿ ತನ್ನ ನಿತ್ಯದ ಅಭ್ಯಾಸವೊಂದನ್ನು ಹೇಳುತ್ತಾನೆ. ರಾತ್ರಿ ದೀಪ ತೆಗೆದು, ಹೆಂಡತಿ ಸುಮ್ಮನಾದ ಮೇಲೆ, ಅವನು ಇಡೀ ದಿನದ ನಡೆನುಡಿಯನ್ನು ತನ್ನ ಮುಂದೆ ತಾನೇ ವಿಚಾರಣೆಗೆ ಒಡ್ಡಿಕೊಳ್ಳುತ್ತಾನೆ. ಆರೋಪಿ, ನ್ಯಾಯಾಧೀಶ ಎರಡೂ ಅವನೇ. ನ್ಯಾಯಾಲಯದ ಭಾಷೆಯೆಲ್ಲವೂ ಅಲ್ಲಿದೆ, ಆದರೆ ಅದು ತಿರುಗಿರುವುದು ತನ್ನ ಕಡೆಗೆ. ಆ ವಿಚಾರಣೆಯಲ್ಲಿ ಯಾವುದನ್ನೂ ಮರೆಮಾಡುವುದಿಲ್ಲ, ಯಾವುದನ್ನೂ ದಾಟಿಹೋಗುವುದಿಲ್ಲ ಎಂದು ಅವನು ಸ್ಪಷ್ಟಪಡಿಸುತ್ತಾನೆ. ಅವನು ಕೊಡುವ ನಿದರ್ಶನಗಳಲ್ಲಿ ಒಂದು ನನ್ನನ್ನು ಹೆಸರು ಹಿಡಿದು ಕೂಗಿದಂತಾಯಿತು: ಒಬ್ಬನಿಗೆ ಬುದ್ಧಿ ಹೇಳುವಾಗ ಮಿತಿಮೀರಿ ಮಾತನಾಡಿದ್ದರಿಂದ ಅವನು ತಿದ್ದಿಕೊಳ್ಳಲಿಲ್ಲ, ನೊಂದುಕೊಂಡ.

ಆ ಹುಡುಗನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈ ಸಲ ನಿಜವಾಗಿಯೂ ಬರೆಯುವುದಿಲ್ಲ. ಅಂದು ಆ ತರಗತಿಯಲ್ಲಿ ನಕ್ಕವರು ನಿಮ್ಮಲ್ಲಿ ಕೆಲವರಿದ್ದೀರಿ. ತಪ್ಪು ನಿಮ್ಮದಲ್ಲ, ನಗಿಸಿದವನದು. ಅವನು ಈಗ ಎಲ್ಲಿರುವನೆಂದು ಬಲ್ಲವರಿದ್ದರೆ ದಯವಿಟ್ಟು ನನಗೆ ತಿಳಿಸಿ. ವಕೀಲನಾದ ನನ್ನ ಶಿಷ್ಯನಿಗೂ ಇಷ್ಟು ಹೇಳಬೇಕು: ಆ ವರಸೆಯನ್ನು ಕಲಿಸಿದವನು ನಾನೇ, ನಿಜ. ಅದರ ಇನ್ನರ್ಧ ಪಾಠವನ್ನು ಕಲಿಸುವುದು ಬಾಕಿ ಉಳಿದಿತ್ತು.