ಎಷ್ಟ್ ಕೊಡ್ತೈತೆ?

ಅಂತರಘಟ್ಟೆಯಲ್ಲಿ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಯಾರಾದರೂ ಒಬ್ಬರು ಹತ್ತಿರ ಬಂದಿರುತ್ತಾರೆ. ಮೊದಲು ಟ್ಯಾಂಕ್ ಮೇಲೆ ಕೈ ಆಡಿಸುತ್ತಾರೆ. ಆಮೇಲೆ ಹಿಂದಿನ ಟೈರನ್ನು ಒಮ್ಮೆ ಬಗ್ಗಿ ನೋಡುತ್ತಾರೆ. ಆಮೇಲೆ ಆ ಪ್ರಶ್ನೆ ಬರುತ್ತೆ: "ಎಷ್ಟ್ ಕೊಡ್ತೈತೆ?"

ಎಷ್ಟು ಸ್ಪೀಡ್ ಹೋಗುತ್ತೆ ಅಂತ ಕೇಳೋದು ಹೈಸ್ಕೂಲ್ ಹುಡುಗರು ಮಾತ್ರ. ಮನೆ ನಡೆಸೋ ವಯಸ್ಸಿನವರು ಯಾರೂ ಅದನ್ನು ಕೇಳಿದ್ದು ನನಗೆ ನೆನಪಿಲ್ಲ. ನಾನು ಪ್ರತಿಸಲ ಒಂದೇ ಉತ್ತರ ಕೊಡುತ್ತಿದ್ದೆ. "ನಲವತ್ತು." ಹೇಳುವಾಗ ಎಲ್ಲೋ ದೂರ ನೋಡುತ್ತಿದ್ದೆ.

ನನ್ನದು ಹೋಂಡಾ ಸಿಬಿಆರ್ 250ಆರ್. ಈ ಮಾಡೆಲ್ ಭಾರತಕ್ಕೆ ಬಂದಿದ್ದು 2011ರಲ್ಲಿ. ನನ್ನ ಕೈಗೆ ಸಿಕ್ಕಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ, ಸೆಕೆಂಡ್ ಹ್ಯಾಂಡ್. ಒಂದೇ ಸಿಲಿಂಡರ್, 249 ಸಿಸಿ, 13 ಲೀಟರ್ ಟ್ಯಾಂಕ್, ಮುಂದೆ ಗಾಳಿ ಸೀಳೋಕೆ ಫೇರಿಂಗ್. ಇಂಥದ್ದನ್ನ ಸ್ಪೋರ್ಟ್ ಟೂರರ್ ಅಂತಾರೆ. ಅಂದರೆ ರೇಸ್ ಬೈಕಿನ ಅಂಗಿ ಹಾಕಿಕೊಂಡು, ಬೆನ್ನು ಮುರಿಯದ ಹಾಗೆ ದೂರ ಕರೆದುಕೊಂಡು ಹೋಗೋ ಗಾಡಿ. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ಅಲ್ಲಿಂದ ಬಲಕ್ಕೆ ಅಜ್ಜಂಪುರ. ದಾಸರಹಳ್ಳಿ ಹತ್ತಿರದ ಬಂಕಿನಿಂದ ಅಜ್ಜಂಪುರದ ಬಂಕಿನವರೆಗೆ ನನ್ನ ಟ್ರಿಪ್ ಮೀಟರಿನಲ್ಲಿ 225 ಕಿಲೋಮೀಟರ್, ಎರಡು ಮೂರು ಆಚೀಚೆ. ಅಲ್ಲಿಂದ ಊರು ಹತ್ತೇ ಕಿಲೋಮೀಟರ್.

ಸುಳ್ಳು ಯಾಕೆ ಹೇಳಿದೆ ಅಂದರೆ, ಮೊದಲು ಕೇಳಿದ್ದು ಅಪ್ಪ. ಗಾಡಿ ತಂದ ದಿನ ಅವರು ಸುತ್ತ ಎರಡು ಸಲ ತಿರುಗಿ ನೋಡಿದರು. "ಎಷ್ಟಕ್ಕೆ ತಗಂಡೆ?" ಅಂದರು. ಅರ್ಧ ರೇಟು ಹೇಳಿದೆ. "ಎಷ್ಟ್ ಕೊಡ್ತೈತೆ?" ಅಂದರು. ಒಂದು ಸುಳ್ಳು ಹೇಳಿಯಾಗಿತ್ತು, ಇನ್ನೊಂದು ಸಲೀಸಾಗಿ ಬಂತು.

ಗುಟ್ಟು ಹೊರಬಿದ್ದಿದ್ದು ಅಜ್ಜಂಪುರದ ಬಂಕಿನಲ್ಲಿ. ಒಂದು ಶನಿವಾರ ಅಪ್ಪ ಸಂತೆ ಕೆಲಸಕ್ಕೆ ಅಲ್ಲಿಗೆ ಬಂದಿದ್ದರು, ನನ್ನ ಜೊತೆ ಬರ್ತೀನಿ ಅಂತ ಕಾದಿದ್ದರು. ನಾನು ಊರಿಗೆ ಹೋಗೋ ಮುಂಚೆ ಯಾವಾಗಲೂ ಅಲ್ಲಿ ಟ್ಯಾಂಕ್ ಫುಲ್ ಮಾಡಿಸುತ್ತೇನೆ. ಮೀಟರ್ 6.6ಕ್ಕೆ ನಿಂತಿತು. ಅಪ್ಪ ಹಿಂದೆ ನಿಂತು ನೋಡುತ್ತಿದ್ದರು.

"ಬೆಂಗ್ಳೂರಲ್ಲೂ ಫುಲ್ ಮಾಡ್ಸಿದ್ದಾ?"

"ಹೂಂ."

"ಎಷ್ಟ್ ಓಡೈತೆ?"

"ಇನ್ನೂರ ಇಪ್ಪತ್ತೈದು."

ಅಪ್ಪ ಈರುಳ್ಳಿ ಬೆಳೆಯೋರು. ಚೀಲದ ತೂಕ, ಕಮಿಷನ್, ಹಮಾಲಿ, ಯಶವಂತಪುರಕ್ಕೆ ಲಾರಿ ಬಾಡಿಗೆ, ಎಲ್ಲಾ ಬಾಯಲ್ಲೇ ಕಳೆದು ಕೈಗೆ ಎಷ್ಟು ಬರುತ್ತೆ ಅಂತ ಹೇಳೋ ಮನುಷ್ಯ. ಐದು ಸೆಕೆಂಡೂ ಬೇಕಾಗಲಿಲ್ಲ.

"ಮೂವತ್ನಾಲ್ಕು ಆತಲ್ಲ. ನಲವತ್ತು ಹೆಂಗಾತು?"

ಬಂಕ್ ಹುಡುಗ ನಕ್ಕ. ನಾನು ಬಿಲ್ಲು ಜೇಬಿಗೆ ಹಾಕಿಕೊಂಡೆ.

ಒಂದು ವಿಷಯ ಹೇಳಬೇಕು. ಸತ್ಯ ನನಗೆ ಗೊತ್ತಿತ್ತು. ನನ್ನ ಬ್ಯಾಗಿನಲ್ಲಿ ಒಂದು ಹಳೇ ಡೈರಿ ಇದೆ. ಗಾಡಿ ತಂದ ದಿನದಿಂದ ಪ್ರತಿ ಫುಲ್ ಟ್ಯಾಂಕಿನ ಲೆಕ್ಕ ಅದರಲ್ಲಿದೆ: ತಾರೀಖು, ಕಿಲೋಮೀಟರ್, ಲೀಟರ್. ಮೈಲೇಜ್ ತಿಳಿಯೋಕೆ ಇದಕ್ಕಿಂತ ನೇರವಾದ ದಾರಿ ಇಲ್ಲ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅಷ್ಟೇ ಮಟ್ಟಕ್ಕೆ ತುಂಬಿಸಿ, ಭಾಗಿಸಿ. ಆದರೆ 'ಅಷ್ಟೇ ಮಟ್ಟ' ಅನ್ನೋದರಲ್ಲಿ ಮೋಸ ಇದೆ. ಒಂದು ಸಲ ಸೈಡ್ ಸ್ಟ್ಯಾಂಡ್ ಹಾಕಿ ತುಂಬಿಸಿ, ಇನ್ನೊಂದು ಸಲ ಗಾಡಿ ನೆಟ್ಟಗೆ ಹಿಡಿದು ತುಂಬಿಸಿದರೆ ಲೆಕ್ಕ ಏರುಪೇರಾಗುತ್ತೆ. ಅದಕ್ಕೇ ಒಂದು ಟ್ಯಾಂಕಿನ ನಂಬರ್ ನಂಬಬೇಡಿ, ಹತ್ತು ಟ್ಯಾಂಕಿನ ಸರಾಸರಿ ನಂಬಿ.

ಕಂಪನಿಯವರು ಹೇಳೋ ನಂಬರ್ ಯಾಕೆ ಬರಲ್ಲ ಅಂತ ನಾವೆಲ್ಲ ಗೊಣಗುತ್ತೇವೆ. ಅವರೂ ಸುಳ್ಳು ಹೇಳುತ್ತಿಲ್ಲ. ಪರೀಕ್ಷೆ ನಡೆಯೋದು ರೋಲರ್ ಮೇಲೆ, ಗೊತ್ತುಮಾಡಿದ ಒಂದು ವೇಗದ ಪಟ್ಟಿಯಂತೆ. ನಮ್ಮ ದೇಶದಲ್ಲಿ ಬಹಳ ವರ್ಷ ಬಳಸಿದ ಹಳೇ ಪಟ್ಟಿಯಲ್ಲಿ ಅತಿ ಹೆಚ್ಚು ವೇಗ ಗಂಟೆಗೆ 42 ಕಿಲೋಮೀಟರ್. ಅಲ್ಲಿ ಕಡೂರು ಬಯಲಿನ ಗಾಳಿ ಇಲ್ಲ, ಬೆನ್ನ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಇಲ್ಲ, ಸೋಮವಾರ ಹತ್ತು ಗಂಟೆಯ ಮೀಟಿಂಗ್ ಇಲ್ಲ.

ಮೈಲೇಜ್ ತಿನ್ನೋದು ಮುಖ್ಯವಾಗಿ ಗಾಳಿ. ವೇಗ ಹೆಚ್ಚಾದಂತೆ ಗಾಳಿಯ ತಡೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತೆ. ಎಂಬತ್ತರಿಂದ ನೂರಹತ್ತಕ್ಕೆ ಹೋದರೆ ವೇಗ ಹೆಚ್ಚೋದು ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಆದರೆ ಪ್ರತಿ ಕಿಲೋಮೀಟರಿಗೆ ಗಾಳಿ ತಳ್ಳೋಕೆ ಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡರಷ್ಟು. ಎದುರುಗಾಳಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಇದ್ದರೆ, ಎಂಬತ್ತರಲ್ಲಿ ಹೋಗುತ್ತಿದ್ದರೂ ಗಾಳಿಯ ಪಾಲಿಗೆ ನೀವು ನೂರರಲ್ಲಿದ್ದೀರಿ. ಆಷಾಢದಲ್ಲಿ ಅರಸೀಕೆರೆ ದಾಟಿ ಕಡೂರಿನ ಕಡೆ ಬರುವಾಗ ಇದು ಮೈಮೇಲೆ ಗೊತ್ತಾಗುತ್ತೆ. ಟ್ಯಾಂಕ್ ಮೇಲೆ ಬಗ್ಗಿ ಕೂತರೆ ಎಂಜಿನ್ನಿನ ಸದ್ದೇ ಬದಲಾಗುತ್ತೆ.

ಇನ್ನೊಂದು ಕಾರಣ ಈಗ ಎಲ್ಲರ ಬಾಯಲ್ಲಿರೋ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲಿನಲ್ಲಿ ಇರೋ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಅಲ್ಲಿಗೆ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ರಲ್ಲಿ ಸುಮಾರು ಶೇ. 7ರಷ್ಟು ಶಕ್ತಿ ಕಡಿಮೆ. ಹಿಂದೆ ಸಿಗುತ್ತಿದ್ದ ಶೇ. 10ರ ಮಿಶ್ರಣಕ್ಕೆ ಹೋಲಿಸಿದರೆ ಮೂರೂವರೆ. ನನ್ನ ಡೈರಿಯಲ್ಲೂ ಕಿಲೋಮೀಟರ್ ಒಂದೂವರೆ ಇಳಿದಿದೆ. ಆದರೆ ಅದೇ ಅವಧಿಯಲ್ಲಿ ನನ್ನ ತೂಕ ಆರು ಕೆ.ಜಿ. ಏರಿದೆ, ಚೈನ್ ಸಡಿಲ ಬಿಟ್ಟುಕೊಂಡು ಓಡಿಸಿದ ತಿಂಗಳುಗಳೂ ಇವೆ. ಎಲ್ಲಾ ಪಾಪವನ್ನೂ ಎಥನಾಲ್ ತಲೆಗೆ ಕಟ್ಟೋಕೆ ಮನಸ್ಸು ಒಪ್ಪಲ್ಲ.

ಆ ರಾತ್ರಿ ಊಟ ಆದಮೇಲೆ ಅಪ್ಪ ಡೈರಿ ಕೇಳಿದರು. ಬರೆದಿಟ್ಟಿದ್ದೀನಿ ಅಂತ ದಾರಿಯಲ್ಲಿ ನಾನೇ ಬಾಯಿಬಿಟ್ಟಿದ್ದೆ. ಕನ್ನಡಕ ಹಾಕಿಕೊಂಡು, ಬೆರಳು ಇಟ್ಟು, ಒಂದೊಂದೇ ಸಾಲು ಓದಿದರು. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಕೇಳಿದರು, "ಅಲ್ಲಾ, ಬರುವಾಗೆಲ್ಲ ಮೂವತ್ನಾಲ್ಕು, ಮೂವತ್ತೈದು ಐತೆ. ಹೋಗುವಾಗ ಯಾಕೆ ಇಪ್ಪತ್ತೆಂಟು?"

ಎರಡು ವರ್ಷ ಬರೆದ ನಾನು ಅದನ್ನು ಆ ಥರ ನೋಡೇ ಇರಲಿಲ್ಲ. ನಾನು ನೋಡುತ್ತಿದ್ದಿದ್ದು ಸರಾಸರಿ ಮಾತ್ರ.

"ಬೆಂಗ್ಳೂರು ಎತ್ತರದಾಗೈತಲ್ಲ ಅಪ್ಪಾಜಿ, ಏರು" ಅಂದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 920 ಮೀಟರ್ ಎತ್ತರದಲ್ಲಿದೆ, ನಮ್ಮ ಕಡೆ ಅದಕ್ಕಿಂತ ನೂರು ನೂರೈವತ್ತು ಮೀಟರ್ ತಗ್ಗು. ಮಲಗಿದ ಮೇಲೆ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ಗಾಡಿ, ನಾನು, ಬ್ಯಾಗ್ ಸೇರಿ 250 ಕೆ.ಜಿ. ಅದನ್ನು 150 ಮೀಟರ್ ಮೇಲೆತ್ತೋಕೆ, ಎಂಜಿನ್ನಿನ ನಷ್ಟ ಸೇರಿಸಿದರೂ, ಬೇಕಾಗೋ ಪೆಟ್ರೋಲ್ ಹೆಚ್ಚೆಂದರೆ 50 ಮಿಲಿ. ನಾನು ಹೆಚ್ಚು ಸುಟ್ಟಿದ್ದು 1.4 ಲೀಟರ್. ಏರಿನದ್ದೇನೂ ತಪ್ಪಿರಲಿಲ್ಲ.

ನಿಜವಾದ ಕಾರಣ ಬೇರೆ. ಶನಿವಾರ ಬರುವಾಗ ತಿಪಟೂರಿನಲ್ಲಿ ಕಾಫಿ ಕುಡಿದು, ಎಂಬತ್ತರಲ್ಲಿ ಬರುತ್ತೇನೆ. ಸೋಮವಾರ ಬೆಳಗಿನ ಜಾವ ಹೊರಟರೆ ನೂರು ನೂರಹತ್ತು. ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ ಇರೋ ಮಿತಿಯೇ 80 ಅನ್ನೋದು ಗೊತ್ತಿದ್ದೂ. ಭಾನುವಾರ ಮಧ್ಯಾಹ್ನವೇ ಹೊರಡಬಹುದು, ಆದರೆ ಅಮ್ಮ "ನಾಳೆ ಹೋಗಾ" ಅಂತಾಳೆ. ಉಳಿದ ಆ ಒಂದು ರಾತ್ರಿಯನ್ನು ಸೋಮವಾರ ರೋಡಿನ ಮೇಲೆ ವಸೂಲಿ ಮಾಡುತ್ತೇನೆ. ಉಳಿಯೋದು ನಲವತ್ತು ನಿಮಿಷ. ಲೀಟರಿಗೆ ನೂರಾಮೂರು ರೂಪಾಯಿ ಅಂತ ಹಿಡಿದರೆ ಅದರ ಬೆಲೆ ನೂರ ನಲವತ್ತೈದು ರೂಪಾಯಿ. ಆ ದುಡ್ಡಿನಲ್ಲಿ ಬೀರೂರಿನಿಂದ ಬೆಂಗಳೂರಿಗೆ ಜನರಲ್ ಬೋಗಿಯಲ್ಲಿ ಹೋಗಿ ಟೀ ಕೂಡ ಕುಡಿಯಬಹುದು.

ಇದನ್ನೆಲ್ಲ ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಅಪ್ಪ ಬಯ್ಯಲಿಲ್ಲ. ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟರು. ನಮ್ಮ ಜೋಡೆತ್ತಿನ ಲೆಕ್ಕ. ಹುರುಳಿ, ಹಿಂಡಿ, ಬೂಸಾ, ಲಾಳ, ಡಾಕ್ಟರು, ಎಲ್ಲಾ ತಿಂಗಳುವಾರು.

"ಇದ್ನೂ ಒಂದಪ ನೋಡು. ಅವ್ವಂಗೆ ಮೂರ್ ಸಾವ್ರ ಅಂತ ಹೇಳೀನಿ."

ಕೂಡಿ ನೋಡಿದೆ. ತಿಂಗಳಿಗೆ ಆರು ಸಾವಿರದ ಮೇಲಿತ್ತು. ಜಾತ್ರೆಯ ಹಿಂದಿನ ತಿಂಗಳು ಎಂಟು.

ಹೊರಗಿನವರಿಗೆ ಒಂದು ಮಾತು. ನಮ್ಮೂರ ದುರ್ಗಾಂಬೆಯ ಜಾತ್ರೆಗೆ ಸುತ್ತಲಿನ ಎಷ್ಟೋ ಹಳ್ಳಿಗಳಿಂದ ಜನ ಎತ್ತಿನ ಗಾಡಿ ಕಟ್ಟಿಕೊಂಡೇ ಬರುತ್ತಾರೆ. ಪಾನಕದ ಗಾಡಿಗಳು ಸಾಲುಗಟ್ಟಿ ಬರೋದನ್ನು ನೋಡೋಕೆಂದೇ ರಸ್ತೆ ಬದಿ ಜನ ನಿಂತಿರುತ್ತಾರೆ. ಜೊತೆಗೆ ಇದು ಅಮೃತ್ ಮಹಲ್ ಸೀಮೆ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ ಆ ಹೆಸರು ಕೊಟ್ಟಿದ್ದು ಟಿಪ್ಪು. ತಳಿ ಉಳಿಸೋ ಸರ್ಕಾರಿ ಕೇಂದ್ರ ಅಜ್ಜಂಪುರದಲ್ಲೇ ಇದೆ. ಈ ಎತ್ತುಗಳನ್ನು ನೆಚ್ಚಿ ಹೈದರಾಲಿಯ ಸೈನ್ಯ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತು ಅಂತ ತಳಿಯ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಅಪ್ಪನಿಗೆ ಇದು ಬಾಯಿಪಾಠ. ದೂರದ ಊರಿನ ಗಾಡಿಗಳು ನಮ್ಮ ಮನೆ ಮುಂದೆ ಹಾದುಹೋಗುವಾಗ ನಮ್ಮ ಕೊಟ್ಟಿಗೆಯಲ್ಲೇ ಎತ್ತಿಲ್ಲ ಅಂದರೆ ಅವರಿಗೆ ಮುಖ ತೋರಿಸೋಕೆ ಆಗಲ್ಲ.

ಆದರೆ ಹೊಲ ಉಳೋದು ಬಾಡಿಗೆ ಟ್ರ್ಯಾಕ್ಟರ್. ಎತ್ತಿಗೆ ವರ್ಷದಲ್ಲಿ ಕೆಲಸ ಇರೋದು ಬೆರಳೆಣಿಕೆಯ ದಿನ, ಕುಂಟೆ ಹೊಡೆಯೋಕೆ. ಕಳೆದ ಸಲ ಈರುಳ್ಳಿ ರೇಟು ಬಿದ್ದಿತ್ತು. ಮಾರಬೇಕಾ ಬೇಡವಾ ಅಂತ ಅಪ್ಪ ಆರು ತಿಂಗಳಿಂದ ಯಾರಿಗೂ ಹೇಳದೆ ಯೋಚಿಸುತ್ತಿದ್ದರು.

"ನಿನ್ ಲೆಕ್ಕದಾಗೆ ಏನ್ ಬತ್ತೈತೆ, ಹೇಳು."

ಲೆಕ್ಕದಲ್ಲಿ ಮಾರು ಅಂತಲೇ ಬರುತ್ತಿತ್ತು. ಅದರಲ್ಲಿ ಅನುಮಾನವೇ ಇರಲಿಲ್ಲ. ಅದೇ ಲೆಕ್ಕದಲ್ಲಿ ನನ್ನ ಬೈಕನ್ನೂ ಮಾರಿ ರೈಲು ಹತ್ತಬೇಕು ಅಂತಲೂ ಬರುತ್ತಿತ್ತು. ಎರಡನ್ನೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಎರಡೂ ಪುಸ್ತಕ ನೋಡಿದರು.

"ಈ ಜಾತ್ರೆ ಆಗ್ಲಿ," ಅಂದರು.

ಆ ಸೋಮವಾರ ಅರ್ಧ ಗಂಟೆ ಮುಂಚೆ ಎದ್ದು ಹೊರಟೆ. ಎಂಬತ್ತು ದಾಟಲಿಲ್ಲ. ಮೀಟಿಂಗಿಗೆ ಐದು ನಿಮಿಷ ತಡವಾಯಿತು, ಯಾರೂ ಗಮನಿಸಲಿಲ್ಲ. ದಾಸರಹಳ್ಳಿಯಲ್ಲಿ ಫುಲ್ ಮಾಡಿಸಿ ಭಾಗಿಸಿದೆ: 33.8. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಎತ್ತಿನ ಮೇವಿಗೆ ತಿಂಗಳಿಗೆ ಎರಡು ಸಾವಿರ ನಾನು ಕಳಿಸುತ್ತೇನೆ ಅಂತಲೂ ಬರೆದೆ. ಅಪ್ಪ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅಮ್ಮನಿಗೆ ನಿಜವಾದ ನಂಬರ್ ಹೇಳಬೇಕು ಅಂತ ಮಾತ್ರ ಷರತ್ತು ಹಾಕಿದೆ. ಹೇಳಿದರಂತೆ. ಅಮ್ಮನಿಗೆ ಮೊದಲೇ ಗೊತ್ತಿತ್ತಂತೆ.

ಹೋದ ವಾರ ಊರಿಗೆ ಹೋದಾಗ ಪಕ್ಕದ ಮನೆ ಚಿಕ್ಕಪ್ಪ ಬೈಕಿನ ಹತ್ತಿರ ಬಂದರು. ಟ್ಯಾಂಕ್ ಮೇಲೆ ಕೈ ಆಡಿಸಿದರು. "ಎಷ್ಟ್ ಕೊಡ್ತೈತೆ?"

"ಮೂವತ್ನಾಲ್ಕು," ಅಂದೆ.

ಕೊಟ್ಟಿಗೆಯಲ್ಲಿ ಹುರುಳಿ ಇಡುತ್ತಿದ್ದ ಅಪ್ಪ ಅಲ್ಲಿಂದಲೇ ಕೂಗಿದರು, "ನಿಧಾನಕ್ಕೆ ಓಡ್ಸಿದ್ರೆ ಅಂತ ಸೇರ್ಸಿ ಹೇಳಲೇ."